ಸೊಪ್ಪು ನಮ್ಮದು, ಗಾಳಿ ಎಲ್ಲರದು

ಚಹಾ ತೋಟದವರು ಎರಡೆಲೆ ಒಂದು ಕುಡಿ ಚಿವುಟುತ್ತಾರೆ. ಕೋಲಾರ ಜಿಲ್ಲೆಯ ನಮ್ಮ ದೇವರಾಯಸಮುದ್ರದ ಕಡೆ ಸೊಪ್ಪಿನ ಬೇಸಾಯವೆಂದರೆ ಹಿಪ್ಪುನೇರಳೆ, ನಾವು ಕಡ್ಡಿ ಸಮೇತ ಕುಯ್ಯುತ್ತೇವೆ. ಹಾಗೆ ಕುಯ್ಯುವುದೇ, ನನ್ನ ಲೆಕ್ಕದಲ್ಲಿ, ರೇಷ್ಮೆಗೆ ಬಂದ ಅತಿ ದೊಡ್ಡ ತಂತ್ರಜ್ಞಾನ. ಅದಕ್ಕೆ ಕರೆಂಟು ಬೇಡ, ಸಬ್ಸಿಡಿ ಅರ್ಜಿಯೂ ಬೇಡ. ಹಿಂದೆ ಎಲೆ ಬಿಡಿಸಿ, ಬಿದಿರು ತಟ್ಟೆಗಳಿಗೆ ದಿನಕ್ಕೆ ನಾಲ್ಕೈದು ಸಲ ಹಾಕಬೇಕಿತ್ತು. ಹುಳು ದೊಡ್ಡದಾದ ಮೇಲೆ ಮನೆಯ ಹೆಂಗಸರಿಗೆ ನಿದ್ದೆಯೇ ಇರುತ್ತಿರಲಿಲ್ಲ. ಈಗ ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ದಾಟಿದ ಹುಳುವನ್ನು, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ತರುತ್ತೇವೆ, ಸ್ಟ್ಯಾಂಡಿನ ಮೇಲೆ ಬಿಟ್ಟು ಕಡ್ಡಿ ಹಾಸುತ್ತೇವೆ. ಕೂಲಿಯವರು ಸಿಗದ ಈ ಕಾಲದಲ್ಲಿ ಹುಳುಮನೆಗಳು ಬಾಗಿಲು ಹಾಕದೆ ಉಳಿದಿದ್ದರೆ ಅದಕ್ಕೆ ಇದೇ ಕಾರಣ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ ಅಗಲ ಎಲೆಯದು, ಇಳುವರಿಯೂ ಜೋರು. ಆದರೆ ನೀರು, ಗೊಬ್ಬರ ಕೊಟ್ಟರೆ ಮಾತ್ರ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ, ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹನಿ ನೀರಾವರಿ ಹಾಕಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಗಡಸು ನೀರಿನ ಉಪ್ಪು ತೂತಿಗೆ ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅಳಿಲು ಪೈಪು ಕಡಿಯುತ್ತದೆ. ಮೋಟರ್ ಓಡಿದ ಮಾತ್ರಕ್ಕೆ ಗಿಡಕ್ಕೆ ನೀರು ಹೋಯಿತೆಂದು ನಂಬಬಾರದು. ಸಾಲಿನ ಕೊನೆಯ ಗಿಡದ ಬುಡಕ್ಕೆ ಕೈಯಿಟ್ಟು ನೋಡಬೇಕು. ನೀರು ತೀರಾ ಕಡಿಮೆ ಇರುವವರಿಗೆ ಮರಗಡ್ಡಿಯೇ ವಾಸಿ. ದೂರ ದೂರ ನೆಟ್ಟು, ಕಾಂಡ ಎತ್ತರಕ್ಕೆ ಬಿಟ್ಟು ಬೆಳೆಸಿದ ಗಿಡದ ಬೇರು ಆಳಕ್ಕೆ ಇಳಿಯುತ್ತದೆ, ಒಂದು ಸರದಿ ನೀರು ತಪ್ಪಿದರೂ ಬಾಡುವುದಿಲ್ಲ.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿತು ಎನ್ನುವವರೂ ಇದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಹೋರಾಡುವವರೂ ಇದ್ದಾರೆ. ನಾನು ಹೋರಾಟದವರ ಕಡೆ. ಆದರೆ ಕೆರೆ ತುಂಬಿತೆಂದು ಹನಿ ಪೈಪು ಸುತ್ತಿಟ್ಟು ಕಾಲುವೆ ಹಾಯಿಸಲು ಹೊರಟವರನ್ನು ಕಂಡರೆ ಮೈ ಉರಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಳೆ ನಮ್ಮ ಕೈಯಲ್ಲಿಲ್ಲ. ಕೋಲಾರವೆಂದರೆ ಟೊಮೆಟೊ. ಪಕ್ಕದ ಹೊಲದಲ್ಲಿ ಕಾಯಿಕೊರಕಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ನಮ್ಮ ಸೊಪ್ಪಿನ ಮೇಲೆ ಕೂರುತ್ತದೆ. ಆ ಹುಳುವನ್ನು ಕೊಲ್ಲುವ ಮದ್ದು ಈ ಹುಳುವನ್ನು ಬಿಡುತ್ತದೆಯೇ? ಒಂದು ಬೆಳೆ ಹೀಗೆಯೇ ಹೋಯಿತು. ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದ ಹುಳು ಬೆಳಗಿನ ಸೊಪ್ಪು ಮುಟ್ಟಿದ್ದೇ ತಲೆ ಎತ್ತಿ ಆಡಿಸತೊಡಗಿತು, ಬಾಯಿಂದ ಹಸಿರು ನೀರು ಬಂತು, ಮೈ ಮುದುಡಿತು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಈ ಕೊನೆಯ ವಾರದಲ್ಲೇ ಬೇಕು. ಅಂದರೆ ಸೊಪ್ಪು, ಕೂಲಿ, ಚಾಕಿ ದುಡ್ಡು ಎಲ್ಲ ಸುರಿದಾದ ಮೇಲೆ ಕೈ ಕೊಡುವುದು. ಕೆಲವು ಹೊಸ ಔಷಧಿಗಳು ಇನ್ನೂ ಕಷ್ಟ. ಸ್ವಲ್ಪವೇ ತಗುಲಿದರೆ ಹುಳು ಸಾಯುವುದಿಲ್ಲ, ಗೂಡೂ ಕಟ್ಟುವುದಿಲ್ಲ.

ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೊಲದ ಯಾವ ಅಂಚಿನ ಮೇಲಾದರೂ ಅನುಮಾನ ಬಂದರೆ ಅಲ್ಲಿಯ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುವಿಗೆ ಬೇರೆ ತಟ್ಟೆಯಲ್ಲಿ ಹಾಕಿ, ಒಂದು ದಿನ ಕಾದು ನೋಡುತ್ತೇನೆ. ಬದುವಿನ ಮೇಲೆ ಎತ್ತರದ ಗಿಡಗಳ ಬೇಲಿ ಎಬ್ಬಿಸಿದ್ದೇನೆ. ಇವೆರಡಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪಕ್ಕದ ಹೊಲದ ಹುಡುಗನ ಒಂದು ಫೋನು: "ಅಣ್ಣಾ, ನಾಳೆ ಔಷಧಿ ಹೊಡೀತೀನಿ, ಇವತ್ತೇ ಸೊಪ್ಪು ಕುಯ್ಕೊಂಡುಬಿಡು."

ಈಗ ಡ್ರೋನ್ ಸಿಂಪಡಣೆಯೂ ಬರುತ್ತಿದೆ, ಮೇಲಿಂದ ಬೀಳುವ ಮದ್ದು ಇನ್ನೂ ದೂರ ಹಾರುತ್ತದೆ. ಟೊಮೆಟೊ ಬೆಳೆಯುವ ಅಣ್ಣತಮ್ಮಂದಿರಲ್ಲಿ ಕೇಳುವುದಿಷ್ಟೇ: ಗಾಳಿ ಇಲ್ಲದ ಹೊತ್ತಿನಲ್ಲಿ ಹೊಡೆಯಿರಿ, ಯಾವ ಔಷಧಿ ಎಂದು ಹೇಳಿ, ಹಿಂದಿನ ದಿನವೇ ಒಂದು ಫೋನು ಮಾಡಿ.