ಕಣದಲ್ಲಿ ನಿಂತು ತೋಟದ ಲೊಕೇಶನ್ ಕೊಡಬೇಡಿ

ಕಾಫಿ ಬೆಳೆಗಾರರಿಂದ ಈಚೆಗೆ ಬರುತ್ತಿರುವ ದೂರು ಕಾಯಿಕೊರಕದ್ದಲ್ಲ, ಕೊಳೆರೋಗದ್ದೂ ಅಲ್ಲ. ‘ತೋಟದ ಲೊಕೇಶನ್ ಸರಿಯಿಲ್ಲ, ಮತ್ತೆ ಕೊಡಿ ಅಂತಾರೆ’ ಎಂಬುದು. ವಾಪಸ್ ಬಂದ ಪಟ್ಟಿ ತೆಗೆದು ನೋಡಿದರೆ ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು: ಮನೆಯಂಗಳದಲ್ಲೋ ಕಣದಲ್ಲೋ ನಿಂತು ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿರುತ್ತಾರೆ. ತೋಟ ಇರುವುದು ಹೊಳೆಯಾಚೆ.

ಲೊಕೇಶನ್ ಕೇಳುವುದು ಯಾಕೆಂದರೆ, ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿ ಅಂಥ ಜಮೀನಿನದ್ದಲ್ಲ ಎಂಬ ಹೇಳಿಕೆ ಸಲ್ಲಿಸುವವನು ಅಲ್ಲಿನ ಆಮದುದಾರ. ಆದರೆ ಅದರೊಳಗೆ ಇರಬೇಕಾದ್ದು ನಿಮ್ಮ ತೋಟದ ಅಕ್ಷಾಂಶ, ರೇಖಾಂಶ. ಗಡುವು ಎರಡು ಸಲ ಮುಂದೆ ಹೋಗಿ ಈಗ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ನಿಂತಿದೆ. ‘ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿದೆ, ನಮಗೇನೂ ಬೇಡ’ ಅನ್ನುವವರಿದ್ದಾರೆ. ಆ ಪಟ್ಟಿಯಿಂದ ಆಮದುದಾರನ ತಪಾಸಣೆ ಹಗುರಾಗುತ್ತದೆಯೇ ಹೊರತು ಲೊಕೇಶನ್ ಕೊಡುವುದು ತಪ್ಪುವುದಿಲ್ಲ.

ಅಳತೆ ಹೀಗೆ. ಒಂದು ತಾಕು 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆಯೊಳಗಿದ್ದರೆ ತಾಕಿನೊಳಗಿನ ಒಂದು ಬಿಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಬೇಲಿಯ ಗುಂಟ ನಡೆದು ಮೂಲೆಮೂಲೆಗೂ ಬಿಂದು ತೆಗೆದು, ಶುರು ಮಾಡಿದಲ್ಲಿಗೇ ತಂದು ಮುಗಿಸಬೇಕು. ಆರಾರು ಎಕರೆಯ ಎರಡು ತಾಕು ಬೇರೆ ಬೇರೆ ಕಡೆ ಇದ್ದರೆ ಎರಡು ಬಿಂದು. ಹದಿನೈದು ಎಕರೆಗೆ ಒಂದೇ ಬಿಂದು ಕೊಟ್ಟರೆ ನಡೆಯದು. ದಶಮಾಂಶದ ನಂತರ ಆರು ಅಂಕಿ ಇರಲೇಬೇಕು. ಆರು ಅಂಕಿ ಅಂದರೆ ಅರ್ಧ ಗೇಣಿನಷ್ಟು ನಿಖರ. ಮೂರಕ್ಕೇ ನಿಲ್ಲಿಸಿದರೆ ನೂರು ಮೀಟರ್ ಅತ್ತಿತ್ತ, ಎರಡಕ್ಕೆ ನಿಲ್ಲಿಸಿದರೆ ಒಂದು ಕಿಲೋಮೀಟರ್. ಚೀಟಿಯಲ್ಲಿ ಬರೆದುಕೊಳ್ಳುವಾಗ ಕೊನೆಯ ಅಂಕಿಗಳನ್ನು ನುಂಗುವ ಅಭ್ಯಾಸ ಇಂದೇ ಬಿಡಿ. ಕೊಡಗಿನಲ್ಲಿ 12 ಅಕ್ಷಾಂಶ, 75 ರೇಖಾಂಶ. ಅದಲುಬದಲಾದರೆ ನಿಮ್ಮ ತೋಟ ನಾರ್ವೆಗೂ ಉತ್ತರದ ಸಮುದ್ರದಲ್ಲಿ ಬೀಳುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಿಲ್ವರ್ ಓಕ್, ಹಲಸು, ಅತ್ತಿ ತುಂಬಿದ ನಮ್ಮ ನೆರಳಿನ ತೋಟ ಉಪಗ್ರಹಕ್ಕೆ ಕಾಡಿನಂತೆಯೇ ಕಾಣುತ್ತದೆ. ಪಕ್ಕದಲ್ಲೇ ಮೀಸಲು ಅರಣ್ಯ ಇರುವವರ ಬಿಂದು ನೂರು ಮೀಟರ್ ಸರಿದರೂ ಅಜ್ಜನ ಕಾಲದ ತೋಟ ಕಾಡೊಳಗಿದೆ ಎಂದಾಗುತ್ತದೆ. ಆಮೇಲೆ ಅದನ್ನು ಬಿಡಿಸಿಕೊಳ್ಳುವ ತಾಳ್ಮೆ ಯಾವ ಆಮದುದಾರನಿಗೂ ಇಲ್ಲ, ಅವನು ಬೇರೆಯವರ ಕಾಫಿ ಕೊಳ್ಳುತ್ತಾನೆ. ಆದ್ದರಿಂದ ತೋಟದೊಳಗೇ ಹೋಗಿ, ಮರದ ನೆರಳು ತೆಳುವಾದ, ಆಕಾಶ ಕಾಣುವ ಜಾಗದಲ್ಲಿ ನಿಲ್ಲಿ. ಫೋನು ತೋರಿಸುವ ನಿಖರತೆ 5 ಮೀಟರಿಗೆ ಇಳಿಯುವ ತನಕ ಕಾಯಿರಿ. ಎರಡು ನಿಮಿಷದ ಕೆಲಸ.

ಗೇಟಿನಲ್ಲೇ ಚೆರಿ ಮಾರುವವರು ಇನ್ನೊಂದು ಗಮನಿಸಿ. ಮೂಲ ಗೊತ್ತಿಲ್ಲದ ಕಾಫಿಯೊಂದಿಗೆ ಬೆರೆತರೆ ಇಡೀ ಲಾಟ್ ಯುರೋಪಿಗೆ ಅನರ್ಹ. ಮಾರುವಾಗಲೇ ತಾರೀಖು, ತೂಕ, ಸರ್ವೆ ನಂಬರ್ ಇರುವ ರಸೀದಿ ಪಡೆದು ಐದು ವರ್ಷ ಜೋಪಾನ ಮಾಡಿ. ಪಹಣಿ ಇನ್ನೂ ಹಿರಿಯರ ಹೆಸರಿನಲ್ಲಿದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಹಾಕಿ. ಜಮೀನಿನ ಹಕ್ಕಿನ ದಾಖಲೆಯನ್ನೂ ಕೇಳುತ್ತಾರೆ.

ದುಡ್ಡು ಕಟ್ಟಿದರೆ ‘ಯುರೋಪ್ ಸರ್ಟಿಫಿಕೇಟ್’ ಕೊಡಿಸುತ್ತೇವೆ ಎಂದು ಬರುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಆ ಕಾನೂನಿನಲ್ಲಿ ಬೆಳೆಗಾರನಿಗೆ ಅಂಥ ಸರ್ಟಿಫಿಕೇಟೇ ಇಲ್ಲ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ ಬಿಂದು ತೆಗೆದು, ಪಹಣಿ ಜೊತೆಗೆ ಹತ್ತಿರದ ಕಾಫಿ ಬೋರ್ಡ್ ಕಚೇರಿಗೆ ಹೋಗಿ ನಕ್ಷೆಯ ಮೇಲೆ ತಾಳೆ ನೋಡಿಸಿ.