ಅಜ್ಜಿಯ ಕಾಲು ನೆಲ ಮುಟ್ಟಬೇಕು: ಲ್ಯಾಟೆಕ್ಸ್ ಹಾಸಿಗೆ ಆರಿಸುವ ಪಾಠ

ಈ ಲೇಖನ ಹುಟ್ಟಿದ್ದು ಒಂದು ತಪ್ಪಿನಿಂದ. ತಪ್ಪು ನಮ್ಮದೇ.

ನಮ್ಮ ಮೂವರ ಗುಂಪಿನಲ್ಲಿ ಒಬ್ಬನ ಊರು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಅಲ್ಲಿರುವ ಅವನ ಅಜ್ಜಿಗೆ ಎಪ್ಪತ್ತಾರು ವರ್ಷ, ತೂಕ 42 ಕೆ.ಜಿ. ಎರಡು ವರ್ಷದಿಂದ ಸೊಂಟನೋವು. ಜೀವನವೆಲ್ಲಾ ನೆಲದ ಮೇಲೆ ಕಂಬಳಿ, ಅದರ ಮೇಲೆ ಕೌದಿ ಹಾಸಿಕೊಂಡು ಮಲಗಿದವರು. ಈಗ ಬಲಗಡೆ ಮಗ್ಗುಲಾದರೆ ಸೊಂಟದ ಮೂಳೆ ಒತ್ತುತ್ತೆ, ಎಡಗಡೆ ತಿರುಗಿದರೆ ಭುಜ. ನೆಲದ ಮೇಲೆ ಮಲಗೋದು ಬಿಡಿ, ಹಾಗಂತ ಗುಂಡಿ ಬೀಳೋ ಹಾಸಿಗೆನೂ ಬೇಡ ಅಂತ ಡಾಕ್ಟರ್ ಹೇಳಿದರು. ಶೇಂಗಾ ಮಾರಿದ ದುಡ್ಡಿನಲ್ಲಿ ಇಪ್ಪತ್ತೈದು ಸಾವಿರ ತೆಗೆದಿಟ್ಟು ಅವನ ದೊಡ್ಡಪ್ಪ, "ಎಂಜಿನಿಯರಿಂಗ್ ಓದ್ತಿರೋ ಹುಡುಗ್ರು, ನೀವೇ ನೋಡಿ ತರಿಸ್ರಪ್ಪಾ" ಅಂದರು.

ನಾವು ಹಾಸ್ಟೆಲ್‌ನಲ್ಲಿ ಕೂತು ಎರಡು ರಾತ್ರಿ ಮೊಬೈಲ್ ನೋಡಿ, ಆರು ಇಂಚಿನ ಲ್ಯಾಟೆಕ್ಸ್ ಹಾಸಿಗೆ ತರಿಸಿದೆವು. ವಯಸ್ಸಾದವರು ಅಂದಮೇಲೆ ಮೆತ್ತಗಿರಲಿ ಅಂತ ಮೇಲಿನ ಪದರ 'ಸಾಫ್ಟ್' ಆರಿಸಿದೆವು. ಹಾಸಿಗೆ ಬಂತು. ನಾಲ್ಕು ರಾತ್ರಿ ಅಜ್ಜಿ ಅದರ ಮೇಲೆ ಮಲಗಿದರು. ಐದನೇ ದಿನ ವಾಪಸ್ ನೆಲಕ್ಕೆ ಇಳಿದರು.

"ಮೆತ್ತಗೇನೋ ಐತಪ್ಪಾ. ಆದ್ರೆ ಕೂತ್ರೆ ಕಾಲು ನೆಲಕ್ಕೆ ಸಿಗಲ್ಲ, ಮಲಗಿದ್ರೆ ಏಳಾಕಾಗಲ್ಲ. ರಾತ್ರಿ ಮೂರು ಸಲ ಸೊಸೇನ ಎಬ್ಬಿಸ್ಬೇಕು."

ಸೊಸೆಯನ್ನ ಎಬ್ಬಿಸಬೇಕಾಯಿತಲ್ಲ ಅನ್ನೋದೇ ಅವರಿಗೆ ಸೊಂಟನೋವಿಗಿಂತ ದೊಡ್ಡ ನೋವು ಅಂತ ನಮಗೆ ಆಮೇಲೆ ಗೊತ್ತಾಯಿತು. ದಸರಾ ರಜೆಯಲ್ಲಿ ನಾವು ಮೂವರೂ ಕೊಂಡ್ಲಹಳ್ಳಿಗೆ ಹೋದೆವು, ಅಳತೆ ಟೇಪು ಹಿಡ್ಕೊಂಡು. ಆರ್ಡರ್ ಮಾಡೋಕೆ ಮುಂಚೆ ಮಾಡಬೇಕಾಗಿದ್ದ ಕೆಲಸ ಅದು.

ಮೊದಲು ಈ ಲ್ಯಾಟೆಕ್ಸ್ ಏನು ಅಂತ ನೋಡೋಣ. ಅದು ರಬ್ಬರ್ ಮರದ ಹಾಲು. ನಮ್ಮ ಕ್ಲಾಸಿನ ಸುಳ್ಯದ ಗೆಳತಿಗೆ ಇದು ಮನೆ ಅಂಗಳದ ವಿಷಯ. ಬೆಳಕು ಹರಿಯೋಕೆ ಮುಂಚೆ ಟ್ಯಾಪಿಂಗ್, ಗೆರಟೆಯಲ್ಲಿ ಹಾಲು. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡೋಕೆ ಅಂತ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮ ಬೆಳೆಸಿದ ರಬ್ಬರ್ ತೋಟಗಳು ಇವತ್ತಿಗೂ ಇವೆ. ಆದರೆ ಅವಳ ಮನೆಯಲ್ಲಿ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡಿ ಮಾರ್ತಾರೆ. ಹಾಸಿಗೆಗೆ ಆ ಶೀಟ್ ಬರಲ್ಲ, ಹಾಲು ಹಾಲಾಗಿಯೇ ಇರಬೇಕು. ಒಡೆಯದ ಹಾಗೆ ಅಮೋನಿಯಾ ಸೇರಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ನೂರಕ್ಕೆ ಮೂವತ್ತರ ಆಸುಪಾಸು ಇದ್ದ ರಬ್ಬರ್ ಅಂಶವನ್ನ 60ಕ್ಕೆ ಏರಿಸ್ತಾರೆ. ಅಂದಹಾಗೆ, ನಮ್ಮ ಕಡೆ ಹಾಸಿಗೆ ಅಂದರೆ 'ಕರ್ಲಾನ್' ಅನ್ನೋರು ಇನ್ನೂ ಇದ್ದಾರಲ್ಲ, ಆ ತೆಂಗಿನ ನಾರಿನ ಹಾಸಿಗೆಯಲ್ಲೂ ಎಳೆಗಳನ್ನ ಒಂದಕ್ಕೊಂದು ಅಂಟಿಸೋದು ಇದೇ ಹಾಲು.

ಹಾಲು ಹಾಸಿಗೆ ಆಗೋಕೆ ಎರಡು ದಾರಿ. ಹಳೆಯದು ಡನ್‌ಲಪ್ ವಿಧಾನ. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಇ. ಎ. ಮರ್ಫಿ ಕಂಡುಹಿಡಿದದ್ದು. ಹಾಲಿಗೆ ಗಂಧಕ, ಸತುವಿನ ಆಕ್ಸೈಡ್, ಸೋಪು ಹಾಕಿ ಮಜ್ಜಿಗೆ ಕಡೆದ ಹಾಗೆ ನೊರೆ ಬರಿಸ್ತಾರೆ. ನೊರೆ ಇಳಿಯೋಕೆ ಮುಂಚೆ ಹೆಪ್ಪು ಹಾಕಿ, ಅಚ್ಚಿಗೆ ಸುರಿದು ಹಬೆಯಲ್ಲಿ ಬೇಯಿಸ್ತಾರೆ. ಇಡ್ಲಿಯ ನೆನಪು ಬಂದರೆ ತಪ್ಪಿಲ್ಲ. ಅಚ್ಚಿನ ಒಳಗಿನ ಕಡ್ಡಿಗಳಿಂದಲೇ ಲ್ಯಾಟೆಕ್ಸ್‌ನಲ್ಲಿ ಆ ಸಾಲು ಸಾಲು ತೂತು ಆಗೋದು. ಇನ್ನೊಂದು ತಾಲಲೇ ವಿಧಾನ. ಅದರಲ್ಲಿ ಅಚ್ಚನ್ನ ಪೂರ್ತಿ ತುಂಬಿಸದೆ, ನಿರ್ವಾತದಿಂದ ನೊರೆಯನ್ನ ಉಬ್ಬಿಸಿ, ಹೆಪ್ಪುಗಟ್ಟೋ ಚಳಿಗೆ ಇಳಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಆಮೇಲೆ ಬೇಯಿಸ್ತಾರೆ. ಡನ್‌ಲಪ್‌ನಲ್ಲಿ ಭಾರದ ಅಂಶ ಸ್ವಲ್ಪ ತಳಕ್ಕೆ ಕೂರೋದರಿಂದ ಕೆಳಮೈ ಚೂರು ಗಟ್ಟಿ. ತಾಲಲೇ ಮೇಲಿಂದ ಕೆಳಗೆ ಒಂದೇ ಸಮ, ಹಗುರ, ಬೆಲೆಯೂ ಜಾಸ್ತಿ. ಅಜ್ಜಿಯಂಥವರಿಗೆ ಡನ್‌ಲಪ್ ಸಾಕು ಅಂತ ನಮ್ಮ ಅಭಿಪ್ರಾಯ. ದುಡ್ಡು ಉಳಿಸಿ ಪದರಗಳಿಗೆ ಹಾಕಿ.

ಈಗ ನಾವು ಎಡವಿದ ಜಾಗಕ್ಕೆ ಬರೋಣ. ಅಂಗಡಿಯವರು ಹೇಳೋ 'ಸಾಫ್ಟ್, ಮೀಡಿಯಂ, ಫರ್ಮ್' ಅಳತೆಯಲ್ಲ, ಅಭಿಪ್ರಾಯ. ಅಳತೆಯ ಹೆಸರು ಐಎಲ್‌ಡಿ. ನಾಲ್ಕು ಇಂಚು ದಪ್ಪದ ತುಂಡಿನ ಮೇಲೆ 8 ಇಂಚು ಅಡ್ಡಗಲದ ದುಂಡು ತಟ್ಟೆ ಇಟ್ಟು, ಅದನ್ನ ಒಂದು ಇಂಚು, ಅಂದರೆ 25 ಪರ್ಸೆಂಟ್, ಒಳಗೆ ಒತ್ತೋಕೆ ಎಷ್ಟು ಪೌಂಡ್ ಬೇಕು ಅನ್ನೋದೇ ಆ ಸಂಖ್ಯೆ. 20ರ ಆಸುಪಾಸು ಮೆತ್ತಗೆ, 30ರ ಹತ್ತಿರ ಮಧ್ಯಮ, 40ರ ಕಡೆ ಹೋದರೆ ಗಟ್ಟಿ. ಕಂಪನಿಯಿಂದ ಕಂಪನಿಗೆ ಪದ ಬದಲಾಗುತ್ತೆ, ಹಾಗಾಗಿ ಪದ ಬಿಟ್ಟು ಸಂಖ್ಯೆ ಕೇಳಿ.

ಸಂಖ್ಯೆ ಸಿಕ್ಕರೂ ಕಥೆ ಮುಗಿಯಲ್ಲ. ನಮ್ಮಲ್ಲಿ ಒಬ್ಬ 86 ಕೆ.ಜಿ. ಇದ್ದಾನೆ. ಅಜ್ಜಿ 'ಬಂಡೆ' ಅಂದ ಕೆಳಗಿನ ಪದರದ ಮೇಲೆ ಅವನು ಮಲಗಿ 'ಬೆಣ್ಣೆ' ಅಂದ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಸಿಗೆ ಒಂದು ಸ್ಪ್ರಿಂಗ್ ಅಂತ ಇಟ್ಕೊಳ್ಳಿ: ಬಲ ಅರ್ಧ ಆದರೆ ತಗ್ಗೋದೂ ಸುಮಾರು ಅರ್ಧ. ಹಗುರ ಇರೋರಿಗೆ ಮೆತ್ತನೆ ಮೇಲ್ಪದರ ಬೇಕು, ಇಲ್ಲದಿದ್ದರೆ ಮೂಳೆ ಒಳಗೆ ಇಳಿಯೋದೇ ಇಲ್ಲ. ಇಲ್ಲಿವರೆಗೆ ನಮ್ಮ ಲೆಕ್ಕ ಸರಿಯಾಗೇ ಇತ್ತು. ಇನ್ನೊಂದು ಗುಣ ಇದೆ: 65 ಪರ್ಸೆಂಟ್ ಒತ್ತೋಕೆ ಬೇಕಾದ ಬಲವನ್ನ 25 ಪರ್ಸೆಂಟ್ ಒತ್ತೋ ಬಲದಿಂದ ಭಾಗಿಸಿ. ಸಾಧಾರಣ ಪಿಯು ಫೋಮ್‌ನಲ್ಲಿ ಎರಡರ ಹತ್ತಿರ ಬರುತ್ತೆ, ಲ್ಯಾಟೆಕ್ಸ್‌ನಲ್ಲಿ ಅದಕ್ಕಿಂತ ಹೆಚ್ಚು. ಅಂದರೆ ಲ್ಯಾಟೆಕ್ಸ್ ಮೊದಲು ಬಗ್ಗುತ್ತೆ, ಆಮೇಲೆ ತಡೆಯುತ್ತೆ. ಡಾಕ್ಟರ್ ಹೇಳಿದ 'ಮೆತ್ತಗಿರಬೇಕು, ಗುಂಡಿ ಬೀಳಬಾರದು' ಅನ್ನೋ ಮಾತಿನ ಮೆಕ್ಯಾನಿಕ್ಸ್ ಇದು.

ಹಾಗಾದರೆ ತಪ್ಪಿದ್ದು ಎಲ್ಲಿ? ನಾವು ಮಲಗಿದ ಅಜ್ಜಿಯನ್ನ ಮಾತ್ರ ಲೆಕ್ಕ ಹಾಕಿದ್ವಿ. ಏಳೋ ಅಜ್ಜಿಯನ್ನ ಮರೆತಿದ್ವಿ. ಟೇಪು ಹಿಡಿದೆವು. ಮಂಡಿಯ ಹಿಂಭಾಗದಿಂದ ಹಿಮ್ಮಡಿವರೆಗೆ 15 ಇಂಚು. ಮಂಚದ ಹಲಗೆ ನೆಲದಿಂದ 14 ಇಂಚು. ಅದರ ಮೇಲೆ 6 ಇಂಚು ಹಾಸಿಗೆ, ಒಟ್ಟು 20. ಅಂಚಿನಲ್ಲಿ ಕೂತಾಗ ಎರಡು ಇಂಚು ತಗ್ಗಿದರೂ 18. ಕೂರೋ ಜಾಗ ಮಂಡಿಗಿಂತ ಒಂದೆರಡು ಇಂಚು ಎತ್ತರ ಇದ್ದರೆ ಏಳೋದು ಸುಲಭ. ಮೂರು ಇಂಚು ಆದಾಗ ಪಾದ ತೂಗಾಡೋಕೆ ಶುರು. ಜೊತೆಗೆ ಮೆತ್ತನೆ ಅಂಚು ಕೈ ಊರಿದ ಕೂಡಲೇ ಒಳಗೆ ಹೋಗುತ್ತೆ, ಮೇಲಕ್ಕೆ ತಳ್ಳಿಕೊಳ್ಳೋಕೆ ಆಧಾರವೇ ಇಲ್ಲ. ಮಂಚದ ಕಾಲು ಎರಡು ಇಂಚು ಕೊಯ್ಸೋಣ ಅಂದರೆ ಅಜ್ಜಿ ಒಪ್ಪಲಿಲ್ಲ. ಅದು ತಾತ ಮಾಡಿಸಿದ ಬೇವಿನ ಮಂಚ. "ಹಾಸಿಗೆ ಕೊಯ್ಯಿ, ಮಂಚ ಮುಟ್ಟಬ್ಯಾಡ" ಅಂದರು.

ನಾವು ನಕ್ಕೆವು. ಆದರೆ ಕೊನೆಗೆ ಮಾಡಿದ್ದು ಅದನ್ನೇ.

ನಮ್ಮ ಅದೃಷ್ಟ, ಹಾಸಿಗೆಯ ಪದರಗಳನ್ನ ಅಂಟಿಸಿರಲಿಲ್ಲ. ಜಿಪ್ ಬಿಚ್ಚಿದರೆ ಎರಡೆರಡು ಇಂಚಿನ ಮೂರು ಹಾಳೆ: ಕೆಳಗೆ ಗಟ್ಟಿ, ನಡುವೆ ಮಧ್ಯಮ, ಮೇಲೆ ಮೆತ್ತಗೆ. ಲ್ಯಾಟೆಕ್ಸ್ ಹಾಸಿಗೆ ಕೊಳ್ಳೋರಿಗೆ ನಾವು ಹೇಳೋ ಒಂದೇ ಒಂದು ಷರತ್ತು ಇದು: ಜಿಪ್ ಇರಲಿ, ಪದರ ಬಿಡಿಬಿಡಿಯಾಗಿರಲಿ. ಮೊದಲ ಸಲವೇ ಸರಿಯಾಗಿ ಆರಿಸ್ತೀವಿ ಅನ್ನೋ ಧೈರ್ಯ ಯಾರಿಗೂ ಬೇಡ.

ನಡುವಿನ ಹಾಳೆ ತೆಗೆದೆವು. ದಪ್ಪ 4 ಇಂಚಿಗೆ ಇಳಿಯಿತು. ಮಲಗಿದರೆ ಮೇಲೆ ಮೆತ್ತಗೆ, ಕೆಳಗೆ ಗಟ್ಟಿ. ಆಮೇಲೆ ಅಜ್ಜಿ ಇಳಿಯೋ ಬದಿಯಲ್ಲಿ ಮೇಲಿನ ಮೆತ್ತನೆ ಹಾಳೆಯಿಂದ ಉದ್ದಕ್ಕೂ 8 ಇಂಚು ಅಗಲದ ಪಟ್ಟಿ ಕೊಯ್ದು ತೆಗೆದು, ಆ ಜಾಗಕ್ಕೆ ನಡುವಿನ ಹಾಳೆಯಿಂದ ಕೊಯ್ದ ಪಟ್ಟಿ ಕೂರಿಸಿದೆವು. ಉದ್ದ ಅಲಗಿನ ಚಾಕು, ಒಂದು ನೇರ ಹಲಗೆ, ನಿಧಾನ. ಒತ್ತಿ ಕೊಯ್ದರೆ ಅಂಚು ಓರೆ ಆಗುತ್ತೆ, ನಮ್ಮ ಮೊದಲ ಒಂದು ಅಡಿ ಹಾಗೇ ಆಯಿತು. ಈಗ ಅಂಚಿನಲ್ಲಿ ಕೂತರೆ ಸುಮಾರು ಒಂದು ಇಂಚು ತಗ್ಗುತ್ತೆ, ಕೂರೋ ಎತ್ತರ 17. ಅಜ್ಜಿ ಕೂತರು, ಎರಡೂ ಪಾದ ನೆಲಕ್ಕೆ ಊರಿದರು, ಅಂಚಿಗೆ ಕೈಕೊಟ್ಟು ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಪರೀಕ್ಷೆ ಮಾಡ್ತಿದ್ದದ್ದು ನಾವಲ್ಲ, ಅವರು.

ಅವತ್ತು ಸಂಜೆ ಅಜ್ಜಿ ಹೇಳಿದ ಒಂದು ಮಾತು ನಮಗೆ ಸ್ವಲ್ಪ ಚುಚ್ಚಿತು. ಹಿಂದೆ ಪಿಂಜಾರರು ಮನೆ ಬಾಗಿಲಿಗೇ ಬಂದು, ಬಿಲ್ಲಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲೀತಿದ್ದರಂತೆ. ಅವರು ಮೊದಲು ಕೇಳ್ತಿದ್ದದ್ದು ಯಾರಿಗೆ, ಮಂಚಕ್ಕೋ ನೆಲಕ್ಕೋ, ಬಾಣಂತಿಗೋ ಮುದುಕರಿಗೋ ಅಂತ. ಎಷ್ಟು ಹತ್ತಿ ತುಂಬಬೇಕು ಅನ್ನೋದು ಆಮೇಲೆ. 'ಕಸ್ಟಮೈಸ್' ಅನ್ನೋ ಪದ ಇಲ್ಲದೆಯೇ ಆ ಕೆಲಸ ನಡೀತಿತ್ತು. ನಾವು ಎರಡು ರಾತ್ರಿ ಮೊಬೈಲ್ ನೋಡಿದ್ವಿ, ಅಜ್ಜಿಗೆ ಒಂದು ಫೋನ್ ಮಾಡಿರಲಿಲ್ಲ.

ಇನ್ನು ಮೋಸ ಹೋಗದಿರೋ ಬಗ್ಗೆ. 'ಲ್ಯಾಟೆಕ್ಸ್ ಫೀಲ್' ಅಂತ ಬರೆದಿದ್ದರೆ ಅದು ಲ್ಯಾಟೆಕ್ಸ್ ಆಗಿರಬೇಕು ಅಂತಿಲ್ಲ. ಮೇಲೆ ಒಂದು ಇಂಚು ಲ್ಯಾಟೆಕ್ಸ್, ಕೆಳಗೆಲ್ಲಾ ಬೇರೆ ಫೋಮ್ ಇರೋದೂ ಉಂಟು. '100 ಪರ್ಸೆಂಟ್ ಲ್ಯಾಟೆಕ್ಸ್' ಅಂದರೂ ಅದರಲ್ಲಿ ಸಿಂಥೆಟಿಕ್ ಲ್ಯಾಟೆಕ್ಸ್ ಬೆರೆತಿರಬಹುದು. ಪ್ರತಿ ಪದರದ ವಸ್ತು, ದಪ್ಪ, ಸಾಂದ್ರತೆ ಬರೆದು ಕೊಡಿ ಅಂತ ಕೇಳಿ. ಆಮೇಲೆ ತೂಕ ಹಾಕಿ. 6 ಅಡಿ ಉದ್ದ, 3 ಅಡಿ ಅಗಲ, 6 ಇಂಚು ದಪ್ಪ ಅಂದರೆ ಸುಮಾರು 0.25 ಘನ ಮೀಟರ್. ಲ್ಯಾಟೆಕ್ಸ್ ಸಾಂದ್ರತೆ 80 ಅಂದರೆ 20 ಕೆ.ಜಿ. ಬರಬೇಕು. 32 ಸಾಂದ್ರತೆಯ ಪಿಯು ಫೋಮ್ ಆಗಿದ್ದರೆ 8 ಕೆ.ಜಿ. ಅಷ್ಟೇ. ಶೇಂಗಾ ಮೂಟೆ ತೂಗೋ ತಕ್ಕಡಿ ಮೇಲೆ ನಮ್ಮ ಹಾಸಿಗೆ ಕವರ್ ಸೇರಿ 21 ಕೆ.ಜಿ. ಚಿಲ್ಲರೆ ಬಂತು, ಸಮಾಧಾನ ಆಯಿತು. ಸುಣ್ಣದ ಪುಡಿಯಂಥ ಫಿಲ್ಲರ್ ಹಾಕಿ ತೂಕ ಏರಿಸೋರೂ ಇದ್ದಾರೆ, ಹಾಗಾಗಿ ತೂಕ ಕಡಿಮೆ ಬಂದರೆ ಅನುಮಾನ ಖಚಿತ, ಸರಿ ಬಂದರೆ ಅರ್ಧ ನಂಬಿಕೆ. ಮನೆಯಲ್ಲಿ ಯಾರಿಗಾದರೂ ರಬ್ಬರ್ ಗ್ಲೌಸ್ ಹಾಕಿದರೆ ತುರಿಕೆ ಬರೋ ಅಲರ್ಜಿ ಇದ್ದರೆ ಕೊಳ್ಳೋ ಮುಂಚೆ ಡಾಕ್ಟರನ್ನ ಕೇಳಿ.

ಕೆಳಗಿನ ಆಧಾರ ಸಮತಟ್ಟಾಗಿರಬೇಕು. ಹಗ್ಗದ ಹೊರಸಿನ ಮೇಲೆ ಲ್ಯಾಟೆಕ್ಸ್ ಹಾಕಬೇಡಿ, ಹೊರಸು ಹೇಗೆ ಜೋಲುತ್ತೋ ಲ್ಯಾಟೆಕ್ಸ್ ಕೂಡ ಹಾಗೇ ಜೋಲುತ್ತೆ. ಹಲಗೆಗಳ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟರೆ ಗಾಳಿ ಆಡುತ್ತೆ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳ ಸಾಲಿನವು, ಬೇಸಿಗೆ ರಾತ್ರಿ ಗೋಡೆಯೂ ಬಿಸಿ. ಅಂಗಡಿಯವರು ಜೊತೆಗೆ ಕೊಡೋ ಪ್ಲಾಸ್ಟಿಕ್ ಹಾಳೆಯ ವಾಟರ್‌ಪ್ರೂಫ್ ಕವರ್ ಹಾಕಿದರೆ ಬೆವರು ಎಲ್ಲೂ ಹೋಗಲ್ಲ. ನಾವು ಅದನ್ನ ತೆಗೆದು ಹತ್ತಿ ಕವರ್ ಮೇಲೆ ಅಜ್ಜಿಯ ಹಳೇ ಕಂಬಳಿಯನ್ನೇ ಹಾಸಿದೆವು. ಉಣ್ಣೆ ಬೆವರಿನ ಆವಿಯನ್ನ ಹೀರಿ ನಿಧಾನಕ್ಕೆ ಬಿಡುತ್ತೆ. ಚಳ್ಳಕೆರೆ ಸೀಮೆ ಕಂಬಳಿ ಒರಟು, ಹೌದು, ಹೊಸದರಲ್ಲಿ ಹುಣಸೆಬೀಜದ ಸರಿ ಹಾಕಿರೋದರಿಂದ ಇನ್ನೂ ಬಿರುಸು. ಇದು ಇಪ್ಪತ್ತು ವರ್ಷ ಒಗೆದು ಮೆತ್ತಗಾದ ಕಂಬಳಿ. ಕತ್ತರಿಸಿದ ಪಟ್ಟಿಯ ಸಂದೂ ಅದರ ಕೆಳಗೆ ಗೊತ್ತಾಗಲ್ಲ.

ಕೊನೆಯದು ಬಿಸಿಲು. ಈ ವಿಷಯದಲ್ಲಿ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಹತ್ತಿ ಹಾಸಿಗೆಗೆ ಬಿಸಿಲೇ ಔಷಧಿ. ತೇವ ಹೋಗುತ್ತೆ, ತಿಗಣೆ ಹೋಗುತ್ತೆ, ಹತ್ತಿ ಉಬ್ಬುತ್ತೆ. ಹಾಗಾಗಿ ದೊಡ್ಡಮ್ಮ ಹೊಸ ಹಾಸಿಗೆಯನ್ನೂ ಮಾಳಿಗೆ ಮೇಲೆ ಹೊತ್ತುಕೊಂಡು ಹೋಗೋಕೆ ಸಿದ್ಧರಾಗಿದ್ದರು. ರಬ್ಬರ್‌ಗೆ ಅದೇ ಬಿಸಿಲು ವಿಷ. ನೇರಳಾತೀತ ಕಿರಣ, ಆಮ್ಲಜನಕ, ಶಾಖ ಮೂರೂ ಸೇರಿ ರಬ್ಬರಿನ ಉದ್ದ ಸರಪಳಿಗಳನ್ನ ಕಡಿಯುತ್ತವೆ. ಮೊದಲು ಹಳದಿ, ಆಮೇಲೆ ಗರಿಗರಿ, ಆಮೇಲೆ ಪುಡಿ. ದೊಡ್ಡಮ್ಮ ನಂಬಲಿಲ್ಲ. ಕೊಯ್ದು ಉಳಿದ ಮೆತ್ತನೆ ತುಂಡೊಂದನ್ನ ಮಾಳಿಗೆ ಮೇಲೆ ಕಲ್ಲು ಹೇರಿ ಇಟ್ಟು ಬಂದೆವು. ಸಂಕ್ರಾಂತಿಗೆ ಹೋದಾಗ ಅದರ ಮೇಲ್ಮೈಯನ್ನ ದೊಡ್ಡಮ್ಮನೇ ಉಗುರಲ್ಲಿ ಉಜ್ಜಿದರು, ಹಳದಿ ಪುಡಿ ಉದುರಿತು. ಈಗ ತಿಂಗಳಿಗೊಮ್ಮೆ ಕಂಬಳಿ ಮತ್ತು ಕವರ್ ಮಾತ್ರ ಬಿಸಿಲಿಗೆ ಹೋಗುತ್ತವೆ, ಹಾಸಿಗೆ ಪಡಸಾಲೆಯ ನೆರಳಲ್ಲಿ ಗೋಡೆಗೆ ಒರಗಿ ಗಾಳಿ ಕುಡಿಯುತ್ತೆ.

ಅಜ್ಜಿಯ ಸೊಂಟನೋವು ಪೂರ್ತಿ ಹೋಗಿಲ್ಲ, ಹಾಸಿಗೆಯಿಂದ ಹೋಗುತ್ತೆ ಅಂತ ಡಾಕ್ಟರ್ ಹೇಳಿಯೂ ಇರಲಿಲ್ಲ. ರಾತ್ರಿ ಒಬ್ಬರೇ ಎದ್ದು ಹೋಗಿ ಬರ್ತಾರೆ. ನಡುವಿನ ಹಾಳೆಯಲ್ಲಿ ಉಳಿದ 28 ಇಂಚು ಅಗಲದ ತುಂಡು ನಮ್ಮ ಹಾಸ್ಟೆಲ್ ರೂಮಿಗೆ ಬಂದಿದೆ. ಅದರ ಮೇಲೆ ಯಾರು ಮಲಗಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ, 86 ಕೆ.ಜಿ.ಯವನಿಗೆ ಅದು ಸಾಲಲ್ಲ ಅಂತ ಉಳಿದ ಇಬ್ಬರು ಐಎಲ್‌ಡಿ ತೋರಿಸಿ ವಾದ ಮಾಡ್ತಿದ್ದೇವೆ.