ಇಲ್ಲದುದನ್ನು ಇಲ್ಲವೆನ್ನುವ ವಿದ್ಯೆ



ಮಗು, ವರ್ಷಾನುಗಟ್ಟಲೆ ದುಡಿದು ಕಡೆಗೆ ‘ಏನೂ ಸಿಕ್ಕಲಿಲ್ಲ’ವೆಂದು ಬರೆಯುವ ಸಂಶೋಧನೆಗಿಂತ ಹೆಬ್ಬಾಳದ ಕಂಪನಿಯ ಕೆಲಸವೇ ವಾಸಿಯಲ್ಲವೆ ಎಂದು ಕೇಳಿರುವೆ. ಎರಡು ಪಕ್ಷಗಳನ್ನೂ ಸಮನಾಗಿ ತೂಗುವುದು ಹಿರಿಯರ ಧರ್ಮವೇನೋ ಸರಿ. ಆದರೆ ಸಂಬಳದ ಪಕ್ಷದಲ್ಲಿ ಹೇಳಬೇಕಾದುದನ್ನೆಲ್ಲ ನಿನ್ನ ತಂದೆ ಆಗಲೇ ಹೇಳಿ ಮುಗಿಸಿರುವುದರಿಂದ ದೊಡ್ಡಪ್ಪನಾದ ನನಗೆ ಉಳಿದಿರುವುದು ಇನ್ನೊಂದೇ.

ಯೌವನದಲ್ಲಿ ನಾನು ಇಲ್ಲಿ ಯಲಹಂಕದಲ್ಲಿ ರೈಲು ಹತ್ತಿ, ದೊಡ್ಡಬಳ್ಳಾಪುರ, ಮಾಕಳಿದುರ್ಗಗಳನ್ನು ಹಾದು, ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ದಿನಗೂಲಿಗೆ ಹೋಗುತ್ತಿದ್ದುದು ನಿನಗೆ ತಿಳಿಯದು. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಕಟ್ಟಿದ ಆ ದೂರದರ್ಶಕಕ್ಕೆ ಮಸೂರವೂ ಇಲ್ಲ, ಗುಮ್ಮಟವೂ ಇಲ್ಲ; ಬಯಲಿನಲ್ಲಿ ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರಿನಷ್ಟು ಉದ್ದಕ್ಕೆ ಕಂಬಗಳು, ತಂತಿಗಳು, ಅಷ್ಟೆ. ಮಳೆನೀರು ಇಳಿದ ಕೇಬಲಿನ ಬೆಸುಗೆಯನ್ನು ಬಿಚ್ಚಿ, ಒರಸಿ, ಮತ್ತೆ ಬೆಸೆದು ಟೇಪು ಸುತ್ತುವುದು ನನ್ನ ಪಾಲಿನ ಕೆಲಸ. ರಾತ್ರಿ ಕಾಗದದ ಸುರುಳಿಯ ಮೇಲೆ ಲೇಖನಿ ಒಮ್ಮೆಲೇ ಮೇಲಕ್ಕೆ ನೆಗೆದರೆ ಆಕಾಶದ ಸಂಕೇತವೆಂದು ನಾನು ಕುಣಿಯುತ್ತಿದ್ದೆ. ಹಿರಿಯರೊಬ್ಬರು ಮಾತ್ರ ಹೊರಗೆ ನಿಂತು ಕಿವಿಗೊಟ್ಟು, ರಸ್ತೆಯಲ್ಲಿ ಹೋದ ಮೋಟಾರುಸೈಕಲಿನ ಕಿಡಿಯ ಸದ್ದೆಂದು ನಿರ್ಣಯಿಸಿ, ಕೆಂಪು ಪೆನ್ಸಿಲಿನಿಂದ ಆ ಗೆರೆಯನ್ನು ಹೊಡೆದುಹಾಕುತ್ತಿದ್ದರು. ಆ ಪೆನ್ಸಿಲು ನನ್ನ ಕೈಗೆ ಬಂದ ದಿನ ಹಿಗ್ಗಿದಷ್ಟು ಮುಂದೆ ಯಾವ ಬಡ್ತಿಗೂ ನಾನು ಹಿಗ್ಗಲಿಲ್ಲ.

ನೀನು ತಾತ್ಸಾರ ಮಾಡುವ ಆ ಸಂಶೋಧನೆಯ ವಿಷಯವೇನು, ಬಲ್ಲೆಯಾ? ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಗಳ ತರುವಾಯ ವಿಶ್ವದ ಜಲಜನಕವು ತಟಸ್ಥವಾಯಿತು; ಬಳಿಕ ಆದ್ಯ ನಕ್ಷತ್ರಗಳೂ ಗೆಲಾಕ್ಸಿಗಳೂ ಹೊತ್ತಿಕೊಂಡು, ಅವುಗಳ ಅತಿನೇರಳೆ ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಸುಮಾರಿಗೆ ಗೆಲಾಕ್ಸಿಗಳ ನಡುವಣ ಅನಿಲವು ಪುನಃ ಅಯಾನುಗೊಂಡಿತು. ಅದಕ್ಕೂ ಮುಂಚಿನ ಜಲಜನಕದ 21 ಸೆಂಟಿಮೀಟರಿನ ಅಲೆ, ವಿಶ್ವದೊಡನೆ ತಾನೂ ಹಿಗ್ಗಿ ಮೀಟರುಗಟ್ಟಲೆ ಉದ್ದವಾಗಿ, ನಮ್ಮ ಎಫ್‌ಎಂ ಬಾನುಲಿಯ ಗದ್ದಲದೊಳಕ್ಕೇ ಬಂದು ಬೀಳುತ್ತದೆ. ಅದರ ಗುರುತು 78 ಮೆಗಾಹರ್ಟ್ಸಿನಲ್ಲಿ ದೊರೆಯಿತೆಂದು 2018ರಲ್ಲಿ ಅಮೆರಿಕದ ‘ಎಡ್ಜಸ್’ ತಂಡ ಸಾರಿದಾಗ ಲೋಕವೆಲ್ಲ ಬೆರಗಾಯಿತು. ಮೇಖ್ರಿ ವೃತ್ತದ ಬಳಿಯ ನಮ್ಮ ರಾಮನ್ ಸಂಸ್ಥೆಯವರು ಕುಣಿಯಲಿಲ್ಲ. ಆಂಟೆನಾದ ಅಡಿಯ ನೆಲದಿಂದ ದೋಷ ಬೆರೆಯಬಾರದೆಂದು ‘ಸರಸ್ 3’ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟು ಆಲಿಸಿ, ಆ ಗುರುತು ಆಕಾಶದ್ದಲ್ಲವೆಂದು, ಶೇಕಡಾ 95.3ರ ಭರವಸೆಯೊಡನೆ, 2022ರಲ್ಲಿ ಪ್ರಕಟಿಸಿದರು.

ಇದೇನೇ ನಿನ್ನ ‘ಏನೂ ಸಿಕ್ಕಲಿಲ್ಲ’? ಗಣಿತ ಓದಿದವಳ ಬಾಯಲ್ಲಿ ಬರುವ ಮಾತೇ ಇದು? ನಾಚಿಕೆಯಾಗಬೇಕು!

ಗದರಿದೆನೆಂದು ಮುನಿಯಬೇಡ. ಫೆಲೋಶಿಪ್ಪಿನ ಹಣದಲ್ಲಿ ಬಾಡಿಗೆ ಕಟ್ಟುವುದೆಂತೆಂಬ ಅಳುಕು ನ್ಯಾಯವಾದುದೇ. ಅದಕ್ಕೆ ನಮ್ಮ ಮಹಡಿಯ ಕೋಣೆಯಿದೆ, ನಿನ್ನ ದೊಡ್ಡಮ್ಮ ಅಲ್ಲಿ ಹರಡಿರುವ ಸಂಡಿಗೆಗಳನ್ನು ತೆಗೆಸುವ ಹೊಣೆ ನನ್ನದು. ಭಾನುವಾರ ಊಟಕ್ಕೆ ಬಾ, ಬರುವಾಗ ಅರ್ಜಿಯ ನಮೂನೆಯನ್ನೂ ತಾ.